ಸರ್ಚ್ ಹಿಸ್ಟರಿ ಅಳಿಸೋದು ಹೇಗೆ: ಇನ್‌ಕಾಗ್ನಿಟೊ ಸಾಕಾ, ಬ್ರೌಸರ್ ಬದಲಿಸಬೇಕಾ, ವಿಪಿಎನ್‌ಗೆ ದುಡ್ಡು ಕೊಡಬೇಕಾ?

"ಹಿಸ್ಟರಿ ಎಲ್ಲ ಡಿಲೀಟ್ ಮಾಡಿದೆ, ಆದ್ರೂ ಮಂಡಿನೋವಿನ ಎಣ್ಣೆ ಜಾಹೀರಾತು ಬರ್ತಾನೇ ಇದೆ, ಯಾಕೆ?" ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಬರುತ್ತದೆ: ಇನ್‌ಕಾಗ್ನಿಟೊ ಬಳಸಲಾ, ಬ್ರೌಸರ್ ಬದಲಿಸಲಾ, ಯೂಟ್ಯೂಬ್‌ನಲ್ಲಿ ಎಲ್ಲರೂ ಹೇಳ್ತಾರಲ್ಲ ಆ ವಿಪಿಎನ್ ತಗೊಳ್ಳಲಾ? (ಇನ್‌ಕಾಗ್ನಿಟೊ ಅಂದರೆ ಬ್ರೌಸರ್‌ನ ಖಾಸಗಿ ಕಿಟಕಿ, ವಿಪಿಎನ್ ಅಂದರೆ ನಿಮ್ಮ ಇಂಟರ್ನೆಟ್ ಸಂಪರ್ಕವನ್ನು ಇನ್ನೊಂದು ಕಂಪನಿಯ ಸರ್ವರ್ ಮೂಲಕ ಮುಚ್ಚಿ ಕಳಿಸುವ ಸೇವೆ.) ಎಲ್ಲರಿಗೂ ಹೊಂದುವ ಒಂದು ಉತ್ತರ ಇದಕ್ಕಿಲ್ಲ. ನೀವು ಹುಡುಕಿದ್ದನ್ನು ಯಾರು ನೋಡಬಾರದು? ಮನೆಯವರಾ, ಆಫೀಸಿನವರಾ, ಗೂಗಲ್ಲಾ, ಜಾಹೀರಾತು ಕಂಪನಿಗಳಾ, ಇಂಟರ್ನೆಟ್ ಕೊಡುವವರಾ? ಇದನ್ನು ಮೊದಲು ತೀರ್ಮಾನ ಮಾಡಿಕೊಳ್ಳದೆ ಯಾವ ಆ್ಯಪ್ ಹಾಕಿಕೊಂಡರೂ ಪ್ರಯೋಜನ ಕಡಿಮೆ.

ಯಾಕೆಂದರೆ ನೀವು ಹುಡುಕಿದ್ದು ಒಂದೇ ಕಡೆ ಉಳಿಯುವುದಿಲ್ಲ. ಫೋನಿನ ಬ್ರೌಸರ್‌ನಲ್ಲಿ ಒಂದು ಪಟ್ಟಿ ಇರುತ್ತದೆ. ಕ್ರೋಮ್ ಆದರೆ ಸುಮಾರು 90 ದಿನದ್ದು. ಗೂಗಲ್‌ಗೆ ಲಾಗಿನ್ ಆಗಿದ್ದರೆ, ಆಂಡ್ರಾಯ್ಡ್‌ನಲ್ಲಿ ಹೆಚ್ಚುಕಡಿಮೆ ಎಲ್ಲರೂ ಆಗಿರುತ್ತಾರೆ, ಇನ್ನೊಂದು ಪಟ್ಟಿ ನಿಮ್ಮ ಅಕೌಂಟಿನಲ್ಲಿ, ಅಂದರೆ ಅವರ ಸರ್ವರ್‌ನಲ್ಲಿ ಬೆಳೆಯುತ್ತಿರುತ್ತದೆ. ನೀವು ಹೋದ ಸೈಟು, ಅದರೊಳಗೆ ಸೇರಿಕೊಂಡ ಜಾಹೀರಾತು ಕಂಪನಿಗಳು ತಮ್ಮ ಲೆಕ್ಕ ತಾವು ಇಡುತ್ತವೆ. ಇನ್ನು ಇಂಟರ್ನೆಟ್ ಕೊಡುವವರ ಹತ್ತಿರ ನೀವು ಯಾವಾಗ ಎಲ್ಲಿಗೆ ಸಂಪರ್ಕ ಮಾಡಿದಿರಿ ಅನ್ನುವ ದಾಖಲೆ ಇರುತ್ತದೆ. ಅದನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕು ಅಂತ ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ಲೈಸೆನ್ಸ್ ಷರತ್ತನ್ನೇ ಬದಲಿಸಿತು. ಬ್ರೌಸರ್‌ನ ಡಿಲೀಟ್ ಬಟನ್ ಮುಟ್ಟುವುದು ಮುಖ್ಯವಾಗಿ ಮೊದಲನೇ ಪಟ್ಟಿಯನ್ನು ಮಾತ್ರ. ಎಣ್ಣೆ ಜಾಹೀರಾತು ಬರುವುದು ಮಿಕ್ಕ ಕಡೆಗಳಿಂದ.

"ಹೆಸರೇ ಇಲ್ಲದ ಪಟ್ಟಿ ಇದ್ದರೆ ಇರಲಿ ಬಿಡಿ" ಅನ್ನುವವರು 2006ರಲ್ಲಿ ನಡೆದದ್ದನ್ನು ಕೇಳಬೇಕು. ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್ ಸಂಶೋಧಕರಿಗೆ ಅನುಕೂಲ ಆಗಲಿ ಅಂತ ಸುಮಾರು 6.5 ಲಕ್ಷ ಜನರ ಮೂರು ತಿಂಗಳ ಹುಡುಕಾಟಗಳನ್ನು ಹೊರಗೆ ಬಿಟ್ಟಿತು. ಹೆಸರು ತೆಗೆದು ಬರೀ ನಂಬರ್ ಹಾಕಿತ್ತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತರು ಒಂದು ನಂಬರಿನ ಹಿಂದಿದ್ದ ವಯಸ್ಸಾದ ಹೆಂಗಸನ್ನು ಹುಡುಕಿ ಅವರ ಮನೆಗೇ ಹೋದರು. ತಮ್ಮ ಊರು, ತಮ್ಮ ಮನೆತನದ ಹೆಸರು, ಕಾಯಿಲೆಗಳ ವಿಷಯ ಎಲ್ಲವನ್ನೂ ಅವರು ಹುಡುಕಿದ್ದರು. ನಾವು ಹುಡುಕುವುದೂ ಅದನ್ನೇ, ಅಲ್ವಾ?

"ಮುಚ್ಚಿಡೋ ಅಂಥದ್ದು ಏನಿದೆ ನಿನ್ನ ಹತ್ರ" ಅನ್ನುವವರೂ ಇದ್ದಾರೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಾಗಾಗಿ ಯಾರಿಗೂ ಕಾರಣ ಕೊಡಬೇಕಾದ ಅಗತ್ಯ ಇಲ್ಲ.

ಯಾವುದನ್ನು ನೋಡಿ ಆರಿಸಬೇಕು

ಯಾರಿಂದ ಕಾಪಾಡುತ್ತದೆ ಅನ್ನುವುದು ಮೊದಲನೇ ಅಳತೆ, ಅದನ್ನು ಆಗಲೇ ಹೇಳಿದೆ. ಎರಡನೆಯದು ದುಡ್ಡು. ಮೂರನೆಯದನ್ನು ಜನ ಲೆಕ್ಕಕ್ಕೇ ತಗೊಳ್ಳುವುದಿಲ್ಲ: ಕಿರಿಕಿರಿ. ಪ್ರತಿ ಸಲ ಲಾಗಿನ್, ಪ್ರತಿ ಸಲ ಒಟಿಪಿ, ನಡುವೆ ಸೈಟು ಕೈಕೊಡುವುದು, ಇದೆಲ್ಲ ಜಾಸ್ತಿ ಆದರೆ ಎಂಥ ಒಳ್ಳೆಯ ವ್ಯವಸ್ಥೆಯನ್ನೂ ವಾರದೊಳಗೆ ಬಿಟ್ಟುಬಿಡುತ್ತೀರಿ. ನಾಲ್ಕನೆಯದು, ಒಮ್ಮೆ ಹೊಂದಿಸಿದರೆ ತಾನೇ ನಡೆಯುತ್ತದಾ, ಇಲ್ಲ ನೀವೇ ನೆನಪಿಟ್ಟುಕೊಂಡು ಮಾಡಬೇಕಾ. ಕನ್ನಡದಲ್ಲಿ ಹುಡುಕುವವರು ಇನ್ನೊಂದನ್ನೂ ನೋಡಬೇಕು: ಕನ್ನಡ ಲಿಪಿಯಲ್ಲಿ ಬರೆದರೆ ಸರಿಯಾದ ಉತ್ತರ ಸಿಗುತ್ತದಾ?

ಕೈಯಿಂದ ಅಳಿಸುವುದು, ಮತ್ತು ಇನ್‌ಕಾಗ್ನಿಟೊ

ಇವೆರಡೂ ಒಂದೇ ಕೆಲಸಕ್ಕೆ: ಅದೇ ಫೋನ್ ಅಥವಾ ಕಂಪ್ಯೂಟರ್ ಹಿಡಿಯುವ ಇನ್ನೊಬ್ಬರಿಂದ ಮುಚ್ಚಿಡಲು. ದುಡ್ಡಿಲ್ಲ, ಕಲಿಯುವುದೂ ಏನಿಲ್ಲ.

ಕೈಯಿಂದ ಅಳಿಸುವಾಗ ಎರಡು ಕಡೆ ಜೋಪಾನ. ಸೇವ್ ಮಾಡಿದ ಪಾಸ್‌ವರ್ಡ್‌ಗಳ ಮುಂದೆ ಟಿಕ್ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಹಿಸ್ಟರಿಯ ಜೊತೆ ಅವೂ ಹೋಗುತ್ತವೆ, ಆಮೇಲೆ ಕರೆಂಟ್ ಬಿಲ್ ಕಟ್ಟುವ ಹೊತ್ತಿಗೆ ತಲೆ ಕೆರೆದುಕೊಳ್ಳಬೇಕು. ಇನ್ನೊಂದು, ಡೌನ್‌ಲೋಡ್ ಪಟ್ಟಿ ಅಳಿಸಿದರೆ ಫೈಲು ಅಳಿಯುವುದಿಲ್ಲ. ಪಿಡಿಎಫ್ ಅಲ್ಲೇ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಕೂತಿರುತ್ತದೆ. ಕೀಬೋರ್ಡನ್ನಂತೂ ಎಲ್ಲರೂ ಮರೆಯುತ್ತಾರೆ. ಜಿಬೋರ್ಡ್ ನೀವು ಬರೆದ ಪದಗಳನ್ನು ಕಲಿತುಕೊಂಡು, ಬೇರೆಯವರು ಒಂದಕ್ಷರ ಒತ್ತಿದರೆ ಸಾಕು, ಪೂರ್ತಿ ಪದ ಮುಂದಿಡುತ್ತದೆ. ಕಲಿತ ಪದಗಳನ್ನು ಅಳಿಸುವ ಆಯ್ಕೆ ಅದರ ಸೆಟ್ಟಿಂಗ್ಸ್‌ನಲ್ಲೇ ಇದೆ.

ಇನ್‌ಕಾಗ್ನಿಟೊದ ವಿಷಯದಲ್ಲಿ ಜನರಿಗೆ ಇರುವ ನಂಬಿಕೆ ಅದು ಮಾಡುವ ಕೆಲಸಕ್ಕಿಂತ ತುಂಬ ದೊಡ್ಡದು. ಕಿಟಕಿ ಮುಚ್ಚಿದ ಕೂಡಲೇ ಆ ಫೋನಿನಲ್ಲಿ ಹಿಸ್ಟರಿ, ಕುಕಿ (ಸೈಟುಗಳು ನಿಮ್ಮನ್ನು ಗುರುತಿಸಲು ಬ್ರೌಸರ್‌ನಲ್ಲಿ ಇಡುವ ಚಿಕ್ಕ ಫೈಲು) ಉಳಿಯುವುದಿಲ್ಲ, ಅಷ್ಟೇ. ನೀವು ಹೋದ ಸೈಟಿಗೆ, ಆಫೀಸಿನ ನೆಟ್‌ವರ್ಕಿಗೆ, ಇಂಟರ್ನೆಟ್ ಕೊಡುವವರಿಗೆ ನೀವು ಕಾಣಿಸುತ್ತಲೇ ಇರುತ್ತೀರಿ. ಒಳಗೆ ಹೋಗಿ ಜಿಮೇಲ್‌ಗೆ ಲಾಗಿನ್ ಆದರಂತೂ ಆಮೇಲೆ ಹುಡುಕಿದ್ದು ಅಕೌಂಟಿಗೇ ಸೇರಬಹುದು. ಇದೇ ವಿಷಯಕ್ಕೆ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ಕೇಸು ಬಿತ್ತು. 2024ರಲ್ಲಿ ರಾಜಿಯಾಗಿ, ಖಾಸಗಿ ಮೋಡ್‌ನಲ್ಲಿದ್ದವರಿಂದ ಸಂಗ್ರಹಿಸಿದ ಕೋಟಿಗಟ್ಟಲೆ ದಾಖಲೆಗಳನ್ನು ಅಳಿಸಲು ಕಂಪನಿ ಒಪ್ಪಿತು. ಇನ್‌ಕಾಗ್ನಿಟೊ ತೆರೆದಾಗ ಕಾಣುವ ಎಚ್ಚರಿಕೆಯ ಸಾಲುಗಳನ್ನೂ ಆ ಹೊತ್ತಿಗೆ ಬದಲಿಸಿದರು. ಒಮ್ಮೆ ಓದಿ ನೋಡಿ, ಯಾರೂ ಓದಿರುವುದಿಲ್ಲ.

ಹಾಗಂತ ಅದು ಕೆಲಸಕ್ಕೆ ಬಾರದ್ದಲ್ಲ. ಮನೆಯವರಿಗೆ ತಿಳಿಯದ ಹಾಗೆ ಹುಟ್ಟುಹಬ್ಬದ ಉಡುಗೊರೆ ಹುಡುಕಲು, ಬೇರೆಯವರ ಕಂಪ್ಯೂಟರ್‌ನಲ್ಲಿ ಎರಡು ನಿಮಿಷ ಮೇಲ್ ನೋಡಲು ಇದಕ್ಕಿಂತ ಸುಲಭದ್ದು ಇಲ್ಲ. ಫೋನಿನ ಕ್ರೋಮ್‌ನಲ್ಲಿ ಇನ್‌ಕಾಗ್ನಿಟೊ ಟ್ಯಾಬ್‌ಗಳಿಗೆ ಬೆರಳಚ್ಚಿನ ಲಾಕ್ ಹಾಕುವ ಅನುಕೂಲವೂ ಇದೆ, ಹಾಕಿಕೊಳ್ಳಿ.

ಗೂಗಲ್ ಅಕೌಂಟಿನ ಆಟೋ ಡಿಲೀಟ್

ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಡುವುದು ಇದೇ. ಆದರೆ ಇದರ ಬಗ್ಗೆ ಮಾತಾಡುವವರು ಕಡಿಮೆ, ಯಾಕೆಂದರೆ ಇದನ್ನು ಯಾರೂ ಮಾರುವುದಿಲ್ಲ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಅಂತ ಇರುವಲ್ಲಿ ಹೋಗಿ, ಅಕೌಂಟ್ ಮ್ಯಾನೇಜ್ ಮಾಡುವ ಬಟನ್ ಒತ್ತಿ, ಡೇಟಾ ಆಂಡ್ ಪ್ರೈವಸಿ ಪುಟಕ್ಕೆ ಬನ್ನಿ. ಅಲ್ಲಿ ವೆಬ್ ಆಂಡ್ ಆ್ಯಪ್ ಆ್ಯಕ್ಟಿವಿಟಿ ಅಂತ ಇದೆ. ಅದರೊಳಗಿನ ಆಟೋ ಡಿಲೀಟ್‌ನಲ್ಲಿ ಮೂರು ಆಯ್ಕೆ: 3 ತಿಂಗಳು, 18 ತಿಂಗಳು, 36 ತಿಂಗಳು. 2020ರ ಜೂನ್ ನಂತರ ತೆರೆದ ಅಕೌಂಟುಗಳಿಗೆ 18 ತಿಂಗಳು ಅಂತ ಅವರೇ ಇಟ್ಟಿದ್ದಾರೆ. ಅದಕ್ಕಿಂತ ಹಳೆಯ ಅಕೌಂಟಾದರೆ, ನೀವು ಯಾವತ್ತೂ ಕೈ ಹಾಕಿಲ್ಲ ಅಂದರೆ, ಎಂಟು ಹತ್ತು ವರ್ಷದ ಹುಡುಕಾಟ ಸಾಲಾಗಿ ಕೂತಿರಬಹುದು. ಮೈ ಆ್ಯಕ್ಟಿವಿಟಿ ಪುಟದಲ್ಲಿ ಕೆಳಗೆ ಜರುಗಿಸುತ್ತಾ ಹೋಗಿ, ಯಾವ ಕಾಲದಲ್ಲಿ ಯಾವ ಹುಡುಗಿಯ ಮದುವೆ ಫೋಟೊ ಹುಡುಕಿದ್ದಿರಿ ಅನ್ನುವುದೂ ಸಿಕ್ಕೀತು!

ಪೂರ್ತಿ ಆಫ್ ಮಾಡಬೇಕಾ, ಮೂರು ತಿಂಗಳಿಗೆ ಇಡಬೇಕಾ? ಆಫ್ ಮಾಡಿದರೆ ಹೊಸದು ಸೇರುವುದು ನಿಲ್ಲುತ್ತದೆ, ಆದರೆ ಹಳೆಯದು ತಾನಾಗಿ ಹೋಗುವುದಿಲ್ಲ, ಅದನ್ನು ಬೇರೆಯಾಗಿ ಅಳಿಸಬೇಕು. ಜೊತೆಗೆ ಮ್ಯಾಪ್ಸ್ ಮತ್ತು ಸರ್ಚ್‌ನಲ್ಲಿ ಹಿಂದೆ ಹುಡುಕಿದ್ದು ಬೇಗ ಸಿಗುವುದಿಲ್ಲ. ದಿನಾ ಡೆಲಿವರಿಗೆ, ಕ್ಯಾಬ್‌ಗೆ ಮ್ಯಾಪ್ ಬಳಸುವವರಿಗೆ ಇದು ನಿಜವಾದ ತೊಂದರೆ. ಅಂಥವರಿಗೆ 3 ತಿಂಗಳ ಆಟೋ ಡಿಲೀಟ್ ಸರಿಹೊಂದುತ್ತದೆ. ಮಿಕ್ಕವರು ಆಫ್ ಮಾಡಿದರೆ ಕಳೆದುಕೊಳ್ಳುವುದು ಅಷ್ಟೇನಿಲ್ಲ. ಯೂಟ್ಯೂಬ್ ಹಿಸ್ಟರಿ ಬೇರೆಯೇ ಸ್ವಿಚ್, ಅದಕ್ಕೂ ಇದೇ ಕೆಲಸ ಮಾಡಬೇಕು. ಅದನ್ನು ಅಳಿಸಿ ಆಫ್ ಮಾಡಿದರೆ ಹೋಮ್ ಪುಟ ಖಾಲಿ ಬರುತ್ತದೆ, ಕೆಲವರಿಗೆ ಅದೇ ಒಂದು ನೆಮ್ಮದಿ.

ಮಿತಿಯನ್ನೂ ಹೇಳಿಬಿಡುತ್ತೇನೆ. ನೀವು ಅಳಿಸಿದ ಮೇಲೂ, ಏನು ಹುಡುಕಿದಿರಿ ಅನ್ನುವುದು ಹೋಗಿ, ಹುಡುಕಿದಿರಿ ಅನ್ನುವಷ್ಟು ಮಾಹಿತಿ ತಮ್ಮ ಹತ್ತಿರ ಉಳಿಯಬಹುದು ಅಂತ ಗೂಗಲ್ಲೇ ಹೇಳುತ್ತದೆ. ಮತ್ತೆ, ಇದು ಬೇರೆ ಜಾಹೀರಾತು ಕಂಪನಿಗಳನ್ನು ತಡೆಯುವುದಿಲ್ಲ. ಅದಕ್ಕೆ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಆ್ಯಡ್ಸ್ ಭಾಗದಲ್ಲಿ ಅಡ್ವರ್ಟೈಸಿಂಗ್ ಐಡಿ ಡಿಲೀಟ್ ಮಾಡಿ. ಆ್ಯಪ್‌ಗಳು ನಿಮ್ಮನ್ನು ಗುರುತಿಸಲು ಬಳಸುವ ನಂಬರ್ ಅದು. ಎಣ್ಣೆ ಜಾಹೀರಾತಿನ ಕಾಟ ಇರುವವರು ಮೊದಲು ಇದನ್ನು ಮಾಡಿ ನೋಡಲಿ.

ಬ್ರೌಸರ್ ಬದಲಿಸುವುದು

ಸೈಟಿನಿಂದ ಸೈಟಿಗೆ ಹಿಂಬಾಲಿಸುವ ಕುಕಿಗಳನ್ನು ತಡೆಯಲು ಬ್ರೌಸರ್ರೇ ಬೇಕು. ಐಫೋನ್‌ನವರಿಗೆ ಇಲ್ಲಿ ಅದೃಷ್ಟ. ಸಫಾರಿ 2020ರಿಂದಲೇ ಅವನ್ನು ತಾನಾಗಿ ತಡೆಯುತ್ತದೆ, ಏನೂ ಮಾಡಬೇಕಾಗಿಲ್ಲ. ಅದೇ ವರ್ಷ ಗೂಗಲ್ಲೂ ಕ್ರೋಮ್‌ನಿಂದ ಅವನ್ನು ತೆಗೆಯುತ್ತೇವೆ ಅಂತ ಹೇಳಿ, ಮುಂದೂಡಿ ಮುಂದೂಡಿ, 2024ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಜಾಹೀರಾತಿನಿಂದ ಬದುಕುವ ಕಂಪನಿಯಿಂದ ಇನ್ನೇನು ನಿರೀಕ್ಷೆ ಮಾಡುತ್ತೀರಿ? ಕ್ರೋಮ್‌ನಲ್ಲಿ ಉಳಿಯುವವರು ಸೆಟ್ಟಿಂಗ್ಸ್‌ಗೆ ಹೋಗಿ ಈ ಹಿಂಬಾಲಿಸುವ, ಅಂದರೆ ಥರ್ಡ್ ಪಾರ್ಟಿ, ಕುಕಿಗಳನ್ನು ತಾವೇ ಬ್ಲಾಕ್ ಮಾಡಬೇಕು.

ಆಂಡ್ರಾಯ್ಡ್‌ನಲ್ಲಿ ನಿಜವಾದ ಸ್ಪರ್ಧೆ ಫೈರ್‌ಫಾಕ್ಸ್ ಮತ್ತು ಬ್ರೇವ್ ನಡುವೆ. ಎರಡೂ ಉಚಿತ. ಫೈರ್‌ಫಾಕ್ಸ್ ಪ್ರತಿ ಸೈಟಿನ ಕುಕಿಯನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತದೆ, ಒಂದು ಸೈಟು ಇಟ್ಟದ್ದನ್ನು ಇನ್ನೊಂದು ಓದಲಾಗುವುದಿಲ್ಲ. ಫೋನಿನಲ್ಲೂ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಹಾಕಿಕೊಳ್ಳಬಹುದು, ಫೋನಿನ ಕ್ರೋಮ್‌ನಲ್ಲಿ ಆ ಅವಕಾಶವೇ ಇಲ್ಲ. ಮುಚ್ಚುವಾಗ ಹಿಸ್ಟರಿ ತಾನೇ ಅಳಿಯುವ ಹಾಗೆ ಹೊಂದಿಸಲೂ ಬಹುದು. ಬ್ರೇವ್ ಕ್ರೋಮ್‌ನ ಅಡಿಪಾಯದ ಮೇಲೇ ಕಟ್ಟಿದ್ದು, ಅದಕ್ಕೇ ಸೈಟುಗಳು ಕೈಕೊಡುವುದು ಕಡಿಮೆ, ಜಾಹೀರಾತು ತಡೆಯುವ ವ್ಯವಸ್ಥೆ ಮೊದಲಿಂದಲೇ ಒಳಗಿರುತ್ತದೆ. ಆದರೆ ಹಾಕಿದ ಮೊದಲ ದಿನ ಅದರ ಕ್ರಿಪ್ಟೊ ವ್ಯಾಲೆಟ್, ರಿವಾರ್ಡ್ಸ್ ಚಿತ್ರಗಳನ್ನೆಲ್ಲ ಕಣ್ಣಿಂದ ದೂರ ಮಾಡುವ ಕೆಲಸ ಇದೆ. ಸೆಟ್ಟಿಂಗ್ಸ್ ಕೆದಕುವ ಆಸಕ್ತಿ ಇರುವವರಿಗೆ ಫೈರ್‌ಫಾಕ್ಸ್, ಹಾಕಿ ಮರೆಯಬೇಕು ಅನ್ನುವವರಿಗೆ ಬ್ರೇವ್. ಅಪ್ಪನ ಫೋನಿಗೆ ಹಾಕಿಕೊಡುವುದಾದರೆ ನಾನು ಬ್ರೇವ್ ಹಾಕಿ, ಆ ಚಿತ್ರಗಳನ್ನು ತೆಗೆದೇ ಕೊಡುತ್ತೇನೆ.

ಫೈರ್‌ಫಾಕ್ಸ್ ಫೋಕಸ್, ಡಕ್‌ಡಕ್‌ಗೋ ಬ್ರೌಸರ್ ಬೇರೆ ಜಾತಿಯವು. ಒಂದು ಬಟನ್ ಒತ್ತಿದರೆ ಎಲ್ಲ ಮಾಯ. ಇವನ್ನೇ ಮುಖ್ಯ ಬ್ರೌಸರ್ ಮಾಡಿಕೊಂಡರೆ ಲಾಗಿನ್‌ಗಳ ಕಾಟ ತಡೆಯಲಾಗದು. ಅದಕ್ಕೆ ನನ್ನ ಸಲಹೆ ಎರಡು ಬ್ರೌಸರ್ ಇಟ್ಟುಕೊಳ್ಳಿ ಅಂತ. ಬ್ಯಾಂಕು, ರೈಲ್ವೆ ಟಿಕೆಟ್, ಸರ್ಕಾರಿ ಅರ್ಜಿಗಳಿಗೆ ಕ್ರೋಮ್ ಇದ್ದ ಹಾಗೇ ಇರಲಿ, ಕಟ್ಟುನಿಟ್ಟಿನ ಬ್ರೌಸರ್‌ನಲ್ಲಿ ದುಡ್ಡು ಕಟ್ಟುವ ಪುಟ ಅರ್ಧಕ್ಕೆ ನಿಂತರೆ ಬೇಡದ ತಲೆನೋವು. ಸುಮ್ನೆ ಓದುವುದು, ಹುಡುಕುವುದು, ಅಲೆಯುವುದೆಲ್ಲ ಎರಡನೆಯದರಲ್ಲಿ. ಅದರಲ್ಲಿ ಯಾವ ಲಾಗಿನ್ನೂ ಬೇಡ.

ಸರ್ಚ್ ಎಂಜಿನ್ ಬದಲಿಸಬೇಕಾ? ಡಕ್‌ಡಕ್‌ಗೋ ನಿಮ್ಮ ಹುಡುಕಾಟದ ಇತಿಹಾಸ ಕಟ್ಟುವುದಿಲ್ಲ, ಅದರ ಫಲಿತಾಂಶ ಬಹುಪಾಲು ಮೈಕ್ರೊಸಾಫ್ಟ್‌ನ ಬಿಂಗ್‌ನಿಂದ ಬರುತ್ತದೆ. ನೆದರ್‌ಲೆಂಡ್ಸ್‌ನ ಸ್ಟಾರ್ಟ್‌ಪೇಜ್ ನೀವು ಯಾರೆಂದು ಹೇಳದೆ ಗೂಗಲ್‌ನ ಫಲಿತಾಂಶ ತಂದುಕೊಡುತ್ತದೆ. ಇಂಗ್ಲಿಷಿನಲ್ಲಿ ಹುಡುಕುವವರಿಗೆ ಎರಡರಲ್ಲೂ ಕೊರತೆ ಕಾಣುವುದು ಅಪರೂಪ. ಕನ್ನಡದಲ್ಲಿ, ಅದರಲ್ಲೂ ಊರಿನ ವಿಷಯ ಬಂದಾಗ, ಗೂಗಲ್ ಇನ್ನೂ ಮುಂದಿದೆ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ತಿಪಟೂರಿನ ಕೊಬ್ಬರಿ ರೇಟು ಗೂಗಲ್‌ನಲ್ಲೇ ಹುಡುಕಿ, ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಕಾಯಿಲೆ, ಸಾಲ, ಡೈವೋರ್ಸ್, ಕೆಲಸ ಬಿಡುವ ಯೋಚನೆ, ಇವೆಲ್ಲ ಡಕ್‌ಡಕ್‌ಗೋ ಅಥವಾ ಸ್ಟಾರ್ಟ್‌ಪೇಜ್‌ನಲ್ಲಿ.

ವಿಪಿಎನ್‌ಗೆ ದುಡ್ಡು ಕೊಡುವ ಮೊದಲು

ಈಗಿನ ಸೈಟುಗಳಲ್ಲಿ ಬೀಗದ ಗುರುತಿನ ಎನ್‌ಕ್ರಿಪ್ಷನ್ ಇರುವುದರಿಂದ, ನೀವು ಏನು ಟೈಪ್ ಮಾಡಿದಿರಿ, ಯಾವ ಪುಟ ಓದಿದಿರಿ ಅನ್ನುವುದು ಇಂಟರ್ನೆಟ್ ಕೊಡುವವರಿಗೆ ಈಗಾಗಲೇ ಕಾಣುವುದಿಲ್ಲ. ಯಾವ ಸೈಟಿಗೆ ಹೋದಿರಿ ಅನ್ನುವುದಷ್ಟೇ ಕಾಣುತ್ತದೆ. ವಿಪಿಎನ್ ಮುಚ್ಚುವುದು ಅದನ್ನು. ಮುಚ್ಚಿ, ಆ ಮಾಹಿತಿಯನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಮನೆ ಬೀಗದ ಕೈಯನ್ನು ಪಕ್ಕದ ಮನೆಯವರಿಂದ ಇಸ್ಕೊಂಡು ಎದುರು ಮನೆಯವರಿಗೆ ಕೊಟ್ಟ ಹಾಗೆ. ಎದುರು ಮನೆಯವರು ಯಾರು ಅನ್ನುವುದೇ ಮುಖ್ಯ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ ಮುಂತಾದ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಅದಕ್ಕೆ ಒಪ್ಪದೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಮೂರೂ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದವು. ಇನ್ನು ಪ್ಲೇ ಸ್ಟೋರ್‌ನಲ್ಲಿ ಸಿಗುವ ಹೆಸರು ಕೇಳದ ಉಚಿತ ವಿಪಿಎನ್‌ಗಳನ್ನಂತೂ ಮುಟ್ಟಲೇಬೇಡಿ. ಸರ್ವರ್ ನಡೆಸಲು ದುಡ್ಡು ಬೇಕು, ನೀವು ಕೊಡದಿದ್ದರೆ ಅದು ಬೇರೆ ಎಲ್ಲಿಂದಲೋ ಬರುತ್ತಿರುತ್ತದೆ.

ಯಾರಿಗೆ ಬೇಕು? ಪಿಜಿ, ಹಾಸ್ಟೆಲ್, ಹೋಟೆಲ್ ವೈಫೈ ಮೇಲೇ ದಿನ ಕಳೆಯುವವರಿಗೆ, ವೈಫೈ ನಡೆಸುವವರ ಮೇಲೆ ನಂಬಿಕೆ ಇಲ್ಲದವರಿಗೆ. ಅಂಥವರು ಪ್ರೋಟಾನ್ ವಿಪಿಎನ್‌ನ ಉಚಿತ ಪ್ಲಾನ್‌ನಿಂದ ಶುರು ಮಾಡಿ. ಡೇಟಾ ಮಿತಿ ಇಲ್ಲ, ಆದರೆ ದೇಶ ಆರಿಸಲು ಬಿಡುವುದಿಲ್ಲ. ದುಡ್ಡು ಕೊಡುವುದಾದರೆ ಮುಲ್ವಾಡ್ ತಿಂಗಳಿಗೆ 5 ಯೂರೊ, ಅಂದರೆ ಸುಮಾರು 500 ರೂಪಾಯಿ. ಹೆಸರು, ಇಮೇಲ್ ಏನೂ ಕೇಳುವುದಿಲ್ಲ, ಒಂದು ನಂಬರ್ ಕೊಡುತ್ತಾರೆ ಅಷ್ಟೇ. ಎರಡು ವರ್ಷದ ಪ್ಲಾನ್ ಭಾರಿ ರಿಯಾಯಿತಿಯಲ್ಲಿ ಸಿಗುತ್ತದೆ ಅಂತ ಜಾಹೀರಾತು ನೋಡಿ ಹೋಗುವವರು, ಅವಧಿ ಮುಗಿದ ಮೇಲೆ ಎಷ್ಟು ಕಟ್ಟಬೇಕು ಅನ್ನುವುದನ್ನು ಮೊದಲೇ ಓದಿಕೊಳ್ಳಿ. ವಿಪಿಎನ್ ಹಾಕಿದ್ದಾಗ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ, ಆಗ ಆಫ್ ಮಾಡಬೇಕಾಗುತ್ತದೆ.

ದುಬೈ, ಅಬುಧಾಬಿಯಲ್ಲಿರುವ ಕರಾವಳಿಯವರಿಗೆ ಬೇರೆಯೇ ಮಾತು. ಯುಎಇಯಲ್ಲಿ ಅಪರಾಧ ಮಾಡಲು ಅಥವಾ ಅದನ್ನು ಮುಚ್ಚಿಡಲು ವಿಪಿಎನ್ ಬಳಸಿದರೆ ದಂಡವೇ 5 ಲಕ್ಷ ದಿರಮ್‌ನಿಂದ ಶುರು. ಊರಿನವರ ಜೊತೆ ವಾಟ್ಸ್‌ಆ್ಯಪ್ ಕಾಲ್ ಮಾಡಲು ರೂಮ್‌ಮೇಟ್ ಹಾಕಿಕೊಟ್ಟ ಅಂತ ಬಳಸುವ ಮೊದಲು ಅಲ್ಲಿನ ಕಾನೂನು ತಿಳಿದುಕೊಳ್ಳಿ.

ವಿಪಿಎನ್ ಬೇಡ, ಸ್ವಲ್ಪ ಮರೆ ಸಾಕು ಅನ್ನುವವರಿಗೆ ಆಂಡ್ರಾಯ್ಡ್ 9ರಿಂದ ಈಚೆಗೆ ಪ್ರೈವೇಟ್ ಡಿಎನ್‌ಎಸ್ ಅನ್ನುವ ಸೆಟ್ಟಿಂಗ್ ಇದೆ. ಕ್ವಾಡ್9 ಅಥವಾ ಕ್ಲೌಡ್‌ಫ್ಲೇರ್ ಅನ್ನುವ ಡಿಎನ್‌ಎಸ್ ಸೇವೆಯ ವಿಳಾಸ ಅಲ್ಲಿ ತುಂಬಿದರೆ ಸೈಟಿನ ವಿಳಾಸ ವಿಚಾರಿಸುವ ಕೆಲಸ ಇಂಟರ್ನೆಟ್ ಕೊಡುವವರ ಕೈತಪ್ಪುತ್ತದೆ. ಸಂಪರ್ಕ ಆಗುವಾಗ ಸೈಟಿನ ಹೆಸರು ಇನ್ನೊಂದು ದಾರಿಯಲ್ಲಿ ಕಾಣಿಸಬಹುದು, ಹಾಗಾಗಿ ಅರ್ಧ ರಕ್ಷಣೆ ಅಂತಿಟ್ಟುಕೊಳ್ಳಿ. ಖರ್ಚಿಲ್ಲ, ಒಮ್ಮೆ ಹಾಕಿದರೆ ಆಯಿತು. ಟಾರ್ ಬ್ರೌಸರ್ ಮೂರು ಕಡೆ ಸುತ್ತಿಸಿ ಕಳಿಸುವುದರಿಂದ ಎಲ್ಲಕ್ಕಿಂತ ಗಟ್ಟಿ, ಎಲ್ಲಕ್ಕಿಂತ ನಿಧಾನ. ಪತ್ರಕರ್ತರು, ಹೋರಾಟಗಾರರು ಕಲಿತುಕೊಳ್ಳಲಿ. ಕ್ರಿಕೆಟ್ ಸ್ಕೋರ್ ನೋಡಲು ಅದು ಬೇಡ.

ಇನ್ನು ನಿಮ್ಮ ನಿಮ್ಮ ಪರಿಸ್ಥಿತಿ

ಮನೆಯಲ್ಲಿ ಒಂದೇ ಫೋನ್ ಮೂರು ಜನ ಬಳಸುವುದಾದರೆ ಅಕೌಂಟಿನಲ್ಲಿ 3 ತಿಂಗಳ ಆಟೋ ಡಿಲೀಟ್, ಜೊತೆಗೆ ಫೋಕಸ್. ಇಷ್ಟು ಸಾಕು, ಒಂದು ಪೈಸೆ ಖರ್ಚಿಲ್ಲ.

ಆಫೀಸಿನ ಲ್ಯಾಪ್‌ಟಾಪ್ ಆದರೆ ಇಲ್ಲಿ ಹೇಳಿದ ಯಾವುದನ್ನೂ ನಂಬಬೇಡಿ. ಯಂತ್ರವೇ ಅವರದು, ಒಳಗೆ ಅವರ ಸಾಫ್ಟ್‌ವೇರ್ ಇದ್ದರೆ ಪರದೆಯ ಮೇಲಿನದ್ದೂ ಅವರಿಗೆ ಕಾಣಬಹುದು. ಬೇರೆ ಕೆಲಸ ಹುಡುಕುವುದಿದ್ದರೆ ನಿಮ್ಮ ಫೋನ್, ನಿಮ್ಮ ಡೇಟಾ.

ಮನೆಯಲ್ಲೇ ಹೊಡೆತ, ಬೆದರಿಕೆ ಇದ್ದು ಸಹಾಯ ಹುಡುಕುತ್ತಿರುವವರಿಗೆ ಮಾತ್ರ ಸಲಹೆ ತಿರುಗುಮುರುಗು. ಪೂರ್ತಿ ಹಿಸ್ಟರಿ ಅಳಿಸಬೇಡಿ, ಖಾಲಿ ಹಿಸ್ಟರಿಯೇ ಅನುಮಾನ ಹುಟ್ಟಿಸುತ್ತದೆ. ಬೇಕಾದ ಒಂದೆರಡು ಸಾಲನ್ನಷ್ಟೇ ಅಳಿಸಿ. ಹೊಸ ಬ್ರೌಸರ್ ಹಾಕಿದರೂ ಕಣ್ಣಿಗೆ ಬೀಳುತ್ತದೆ, ಹಾಕಬೇಡಿ. ಸಾಧ್ಯವಾದರೆ ನಂಬಿಕಸ್ಥರ ಫೋನಿನಿಂದ ಹುಡುಕಿ, ಇಲ್ಲವೇ ಅಲ್ಲಿಂದ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ನಿಮ್ಮ ಫೋನಿನಿಂದಲೇ ಮಾಡಿದರೆ ಕರೆಗಳ ಪಟ್ಟಿಯಲ್ಲೂ ಆ ನಂಬರ್ ಉಳಿಯುತ್ತದೆ.

ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಹೋಗಿ ಅಲ್ಲಿನ ಕಂಪ್ಯೂಟರ್‌ನಲ್ಲಿ ಮೇಲ್ ತೆರೆಯುವವರು ಇನ್‌ಕಾಗ್ನಿಟೊ ಅಥವಾ ಕ್ರೋಮ್‌ನ ಗೆಸ್ಟ್ ಕಿಟಕಿ ಕೇಳಿ ತೆರೆಸಿಕೊಳ್ಳಿ. ಡೌನ್‌ಲೋಡ್ ಆದ ಆಧಾರ್, ಮಾರ್ಕ್ಸ್ ಕಾರ್ಡ್ ಫೈಲುಗಳನ್ನು ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿಸಿ. ಹಿಂದೆ ಜನ ಕಾಯುತ್ತಿದ್ದಾರೆ ಅಂತ ಅವಸರದಲ್ಲಿ ಹಾಗೇ ಎದ್ದು ಬಂದಿದ್ದರೆ, ನಿಮ್ಮ ಫೋನಿನಲ್ಲೇ ಗೂಗಲ್ ಅಕೌಂಟಿನ ಸೆಕ್ಯುರಿಟಿ ಪುಟ ತೆರೆದು, ಯುವರ್ ಡಿವೈಸಸ್ ಅನ್ನುವಲ್ಲಿ ಆ ಕಂಪ್ಯೂಟರ್ ಹುಡುಕಿ ಸೈನ್ ಔಟ್ ಒತ್ತಿ. ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ ಲಿಂಕ್ಡ್ ಡಿವೈಸಸ್‌ಗೂ ಹೋಗಿ ಅದನ್ನು ತೆಗೆಯಿರಿ.